ಜಡಿಮಳೆಯ ಊರಲ್ಲಿ ಬೂದು ಗಿಣಿ

ಆಫ್ರಿಕನ್ ಗ್ರೇ ಗಿಣಿ ಸಾಕಲು ಹೊರಟವರಿಗೆ ನಮ್ಮ ಮಲೆನಾಡಿನ ಕಡೆ ಎಲ್ಲರೂ ಹೇಳುವ ಧೈರ್ಯದ ಮಾತು ಒಂದಿದೆ: ‘ಅದೂ ಮಳೆಕಾಡಿನ ಹಕ್ಕಿಯೇ ಅಲ್ವಾ, ನಮ್ಮ ಮಳೆ ಅದಕ್ಕೆ ಎಂತ ಮಾಡ್ತದೆ?’ ಮಳೆಕಾಡಿನ ಹಕ್ಕಿ ಹೌದು. ಘಾನಾ, ಕ್ಯಾಮರೂನ್, ಕಾಂಗೋ ಕಡೆಯ ಕಾಡು ಅದರ ತವರು. ಆದರೆ ಅಲ್ಲಿ ಅದು ಎತ್ತರದ ಮರದ ನೆತ್ತಿಯಲ್ಲಿ, ಬೀಸುಗಾಳಿಯಲ್ಲಿ ಕೂರುತ್ತದೆ. ದಿನಾ ಮೈಲುಗಟ್ಟಲೆ ಹಾರುತ್ತದೆ, ಮರದಿಂದ ಆಗಷ್ಟೇ ಕಿತ್ತದ್ದನ್ನು ತಿನ್ನುತ್ತದೆ. ನಮ್ಮಲ್ಲಿ ಆರಿದ್ರೆ ಮಳೆ ಹಿಡಿಯಿತೆಂದರೆ ಕಿಟಕಿ ಹಾಕಿದ ಕೋಣೆ, ಡಬ್ಬದಲ್ಲಿ ಮುಗ್ಗಿದ ಶೇಂಗಾ, ಬಚ್ಚಲ ಒಲೆಯ ಹೊಗೆ, ಪಂಜರದ ಮೇಲೆಯೇ ಹಗ್ಗ ಕಟ್ಟಿ ಒಣಹಾಕಿದ ಒದ್ದೆ ಬಟ್ಟೆ. ಗಿಣಿ ಮಳೆಯನ್ನು ತಡೆದುಕೊಳ್ಳುತ್ತದೆ, ಈ ಮುಚ್ಚಿದ ಮನೆಯನ್ನು ತಡೆದುಕೊಳ್ಳುವುದಿಲ್ಲ.

ಶಿವಮೊಗ್ಗ ಪೇಟೆಯಲ್ಲಿ ಇದರ ಬಿಸಿ ಕಡಿಮೆ. ತೀರ್ಥಹಳ್ಳಿ ದಾಟಿ, ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆ ಕಡೆ ಹೋದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳನ್ನು ಬೇರೆಯದೇ ಲೆಕ್ಕದಲ್ಲಿ ಕಳೆಯಬೇಕು.

ಮೊದಲ ಶತ್ರು ಬೂಸರು. ಆಸ್ಪರ್‌ಜಿಲಸ್ ಎಂಬ ಬೂಸರಿನ ಬೀಜಕಣಗಳು ಹಳೆಯ ಕಾಳಿನಲ್ಲಿ, ಒದ್ದೆ ಮರದ ತುಂಡಿನಲ್ಲಿ, ಪಂಜರದ ತಟ್ಟೆಯಲ್ಲಿ ನೆನೆದು ಕೂತ ಕಾಗದದಲ್ಲಿ ಬೆಳೆದು ಗಾಳಿಗೆ ಸೇರುತ್ತವೆ. ಹಕ್ಕಿಯ ಶ್ವಾಸಕೋಶ ನಮ್ಮದರಂತಲ್ಲ. ಎದೆ-ಹೊಟ್ಟೆಯ ಉದ್ದಕ್ಕೂ ಗಾಳಿಚೀಲಗಳಿವೆ, ಅಲ್ಲಿ ರಕ್ತದ ಓಡಾಟ ತೀರಾ ಕಡಿಮೆ. ಒಮ್ಮೆ ಬೂಸರು ಅಲ್ಲಿ ಬೇರು ಬಿಟ್ಟರೆ ಔಷಧ ಮುಟ್ಟುವುದೇ ಕಷ್ಟ, ಚಿಕಿತ್ಸೆ ತಿಂಗಳುಗಟ್ಟಲೆ ಎಳೆಯುತ್ತದೆ. ಇನ್ನೊಂದು ತೊಡಕೂ ಇದೆ. ಬೇರೆ ಹಕ್ಕಿಗಳಿಗೆ ಕೊಡುವ ಇಟ್ರಕೊನಜೋಲ್ ಎಂಬ ಮದ್ದು ಆಫ್ರಿಕನ್ ಗ್ರೇಗೆ ಒಗ್ಗುವುದಿಲ್ಲ, ತಿನ್ನುವುದನ್ನೇ ಬಿಟ್ಟು ಕೂರುತ್ತದೆ. ವೈದ್ಯರು ಈ ಹೆಸರು ಬರೆದರೆ ‘ಇದು ಗ್ರೇ’ ಎಂದು ಇನ್ನೊಮ್ಮೆ ನೆನಪಿಸುವುದರಲ್ಲಿ ತಪ್ಪಿಲ್ಲ. ಲಕ್ಷಣಗಳು ಮೆಲ್ಲಗೆ ಬರುತ್ತವೆ: ದನಿ ಒಡೆಯುತ್ತದೆ ಅಥವಾ ಮಾತು ಕಡಿಮೆಯಾಗುತ್ತದೆ, ಸುಮ್ಮನೆ ಕೂತಾಗಲೂ ಉಸಿರಿನೊಂದಿಗೆ ಬಾಲ ಮೇಲೆ ಕೆಳಗೆ ಆಡುತ್ತದೆ, ತೂಕ ಇಳಿಯುತ್ತದೆ.

ಹಾಗಾಗಿ ಮಳೆಗಾಲದಲ್ಲಿ ಶೇಂಗಾ ಬೇಡವೇ ಬೇಡ. ಸಿಪ್ಪೆಯೊಳಗೆ ಬೂಸರು ಹಿಡಿದದ್ದು ಹೊರಗೆ ಕಾಣುವುದಿಲ್ಲ, ಮೇಲಿಂದ ಆ ಬೂಸರು ಬಿಡುವ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತನ್ನು ತಿನ್ನುತ್ತದೆ. ಹುರಿದರೆ ಬೂಸರು ಸಾಯಬಹುದು, ವಿಷ ಪೂರ್ತಿ ಹೋಗುವುದಿಲ್ಲ. ಸೂರ್ಯಕಾಂತಿ ಬೀಜವನ್ನು ಐದು ಕಿಲೋ ಚೀಲದಲ್ಲಿ ತಂದಿಡುವ ಉಳಿತಾಯವೂ ಸುಳ್ಳು ಉಳಿತಾಯ. ಹದಿನೈದು ದಿನಕ್ಕೆ ಬೇಕಾದಷ್ಟು ತಂದು, ಗಾಳಿಯಾಡದ ಡಬ್ಬದಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ಪೆಲೆಟ್, ಅಂದರೆ ಗಿಣಿಗೆಂದೇ ಮಾಡಿದ ಗುಳಿಗೆ ಆಹಾರದ ಚೀಲ ಒಡೆದ ಮೇಲೂ ಅಷ್ಟೇ, ಸಣ್ಣ ಡಬ್ಬಗಳಿಗೆ ಹಂಚಿ, ಒಂದನ್ನು ಮಾತ್ರ ಹೊರಗಿಡಿ. ಮೂಸಿದಾಗ ಸ್ವಲ್ಪ ಮುಗ್ಗು ವಾಸನೆ ಬಂದರೂ ಚೆಲ್ಲಿಬಿಡಿ, ಕೋಳಿಗೂ ಹಾಕಬೇಡಿ.

ಊಟದ ಲೆಕ್ಕ ಹೀಗೆ. ಆಫ್ರಿಕನ್ ಗ್ರೇಯ ಎರಡು ಬಗೆಗಳಲ್ಲಿ ಆರೋಗ್ಯವಂತ ಕಾಂಗೋ ಗ್ರೇ 400ರಿಂದ 500 ಗ್ರಾಂ ತೂಗುತ್ತದೆ, ಕಂದುಗೆಂಪು ಬಾಲದ ಟಿಮ್ನೆ ಜಾತಿಯದು ಇನ್ನೂ ಹಗುರ. ತಿನ್ನುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಪೆಲೆಟ್ ಇರಲಿ, ಉಳಿದದ್ದರಲ್ಲಿ ದೊಡ್ಡ ಪಾಲು ಸೊಪ್ಪು-ತರಕಾರಿ. ಹಣ್ಣು ಬಾಯಿರುಚಿಗಷ್ಟೇ, ಬೀಜ-ಬಾದಾಮಿ ಬಹುಮಾನಕ್ಕಷ್ಟೇ. ಬರೀ ಸೂರ್ಯಕಾಂತಿ ತಿಂದು ಬೆಳೆದ ಗಿಣಿಗೆ ಎ ಜೀವಸತ್ವ ಸಾಲದೆ ಮೂಗಿನ ಹೊಳ್ಳೆ ಕಟ್ಟುತ್ತದೆ, ಬಾಯೊಳಗೆ ಬಿಳಿ ಗಂಟು ಏಳುತ್ತದೆ. ಅದಕ್ಕೆ ಕ್ಯಾರೆಟ್, ಸಿಹಿಗುಂಬಳ, ಕಿತ್ತಳೆ ಬಣ್ಣದ ಗೆಣಸು ಬೇಯಿಸಿ ಕೊಡಿ. ನುಗ್ಗೆಸೊಪ್ಪಿನಲ್ಲಿ ಎ ಜೀವಸತ್ವವೂ ಕ್ಯಾಲ್ಸಿಯಮ್ಮೂ ಇದೆ, ಹಿತ್ತಲಲ್ಲೇ ಸಿಗುತ್ತದೆ. ಪಾಲಕ್, ಹರಿವೆಯ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಬಿಡುವುದರಿಂದ ದಿನಾ ಬೇಡ. ಜೀರಿಗೆ ಮೆಣಸು ಕೊಟ್ಟರೆ ನೆಂಟರು ಹೌಹಾರುತ್ತಾರೆ, ಗಿಣಿಗೆ ಖಾರ ತಟ್ಟುವುದೇ ಇಲ್ಲ, ಚಪ್ಪರಿಸಿ ತಿನ್ನುತ್ತದೆ. ಬೇಯಿಸಿದ್ದು, ಹೆಚ್ಚಿದ್ದು ಯಾವುದೇ ಇರಲಿ, ಎರಡು ಗಂಟೆಗಿಂತ ಹೆಚ್ಚು ಬಟ್ಟಲಲ್ಲಿ ಇರಬಾರದು. ಮೊಳಕೆ ಕಾಳು ಬೇಸಗೆಯಲ್ಲಿ ಒಳ್ಳೆಯದು. ಮಳೆಯಲ್ಲಿ ಅದು ಲೋಳೆಯಾಗಲು ಒಂದು ರಾತ್ರಿ ಸಾಕು, ಆಗ ಬೇಯಿಸಿದ ಹೆಸರುಕಾಳೇ ವಾಸಿ.

ಕೊಡಲೇಬಾರದ್ದರಲ್ಲಿ ಮೊದಲನೆಯದು ಬೆಣ್ಣೆಹಣ್ಣು. ಈಗ ಕಾಫಿ ತೋಟಗಳ ಅಂಚಿನಲ್ಲೆಲ್ಲ ಬೆಳೆಯುತ್ತದಲ್ಲ, ಅದೇ. ಅದರೊಳಗಿನ ಪರ್ಸಿನ್ ಎಂಬ ವಿಷ ಹಕ್ಕಿಯ ಹೃದಯವನ್ನು ಕೆಡಿಸುತ್ತದೆ, ಚಿಕ್ಕ ಚೂರೂ ಬೇಡ. ಚಾಕೊಲೇಟ್, ಕಾಫಿ, ಈರುಳ್ಳಿ, ಬೆಳ್ಳುಳ್ಳಿ, ಸೇಬಿನ ಬೀಜ, ಉಪ್ಪು ಹಾಕಿದ ಚಿಪ್ಸ್ ಇವೂ ಬೇಡ. ಕವಳ ಹಾಕಿದ ಬಾಯಿಂದ ಮುದ್ದು ಮಾಡಿ ತುತ್ತು ಕೊಡುವುದನ್ನು ಅಜ್ಜ-ಅಜ್ಜಿಯರಿಗೆ ಸಮಾಧಾನದಲ್ಲೇ ಬಿಡಿಸಬೇಕು. ಅಡಿಕೆ, ತಂಬಾಕಿನ ವಿಷದ ಜೊತೆಗೆ ನಮ್ಮ ಎಂಜಲಿನ ಬ್ಯಾಕ್ಟೀರಿಯಾ ಕೂಡ ಗಿಣಿಗೆ ರೋಗ.

ಎರಡನೆಯ ಶತ್ರು ಬಿಸಿಲಿಲ್ಲದಿರುವುದು. ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯುವುದು ಆಫ್ರಿಕನ್ ಗ್ರೇ ಜಾತಿಗೇ ಅಂಟಿದ ದೌರ್ಬಲ್ಯ. ಕಣ್ಣಿಗೆ ಕಾಣುವುದು ಹೀಗೆ: ಕೋಲಿನ ಮೇಲೆ ಕೂತ ಹಕ್ಕಿ ತೂರಾಡುತ್ತದೆ, ಕಾಲ ಹಿಡಿತ ಸಡಿಲುತ್ತದೆ, ತಲೆ ಹಿಂದಕ್ಕೆ ವಾಲುತ್ತದೆ, ದೊಪ್ಪನೆ ಕೆಳಗೆ ಬಿದ್ದು ಉಗುರು ಬಿಗಿಹಿಡಿದು ರೆಕ್ಕೆ ಬಡಿಯುತ್ತದೆ. ನೋಡಿದವರು ‘ದೃಷ್ಟಿಯಾಯ್ತು’ ಎಂದು ನಿವಾಳಿಸುತ್ತಾರೆ. ಅದು ಫಿಟ್ಸ್, ಆ ದಿನವೇ ವೈದ್ಯರು ಕ್ಯಾಲ್ಸಿಯಂ ಚುಚ್ಚಬೇಕು. ಕ್ಯಾಲ್ಸಿಯಂ ಮೈಗೆ ಹತ್ತಲು ಡಿ3 ಜೀವಸತ್ವ ಬೇಕು, ಅದಕ್ಕೆ ಬಿಸಿಲಿನಲ್ಲಿರುವ ಯುವಿ-ಬಿ ಕಿರಣ ಬೇಕು. ಗಾಜಿನ ಕಿಟಕಿಯ ಹತ್ತಿರ ಪಂಜರ ಇಟ್ಟಿದ್ದೇವಲ್ಲ ಎನ್ನಬೇಡಿ, ಗಾಜು ಆ ಕಿರಣವನ್ನು ಒಳಗೆ ಬಿಡುವುದೇ ಇಲ್ಲ.

ಜೂನ್‌ನಿಂದ ಹಕ್ಕಿಗಳಿಗೆಂದೇ ಮಾಡಿದ ಯುವಿ-ಬಿ ಟ್ಯೂಬ್ ಹಾಕಿ. ಹಲ್ಲಿ-ಹಾವು ಸಾಕುವವರಿಗೆ ಮಾರುವ ಕಟು ಬಲ್ಬ್ ಕಣ್ಣು ಸುಡುತ್ತದೆ. ಟ್ಯೂಬ್ ಪಂಜರದ ಮೇಲಿಂದ ಬೀಳಬೇಕು, ಪಕ್ಕದಿಂದ ಅಲ್ಲ. ಕೂರುವ ಕೋಲಿಗೂ ಟ್ಯೂಬಿಗೂ ಒಂದರಿಂದ ಒಂದೂವರೆ ಅಡಿ ಅಂತರವಿರಲಿ, ನಡುವೆ ಗಾಜು, ಪ್ಲಾಸ್ಟಿಕ್ ಬೇಡ. ದಿನಕ್ಕೆ ಒಂದೆರಡು ಗಂಟೆಯಿಂದ ಶುರುಮಾಡಿ, ಬೇಡವೆನಿಸಿದಾಗ ಸರಿದು ಕೂರಲು ನೆರಳಿನ ಮೂಲೆ ಬಿಡಿ. ಟ್ಯೂಬ್ ಉರಿಯುತ್ತಲೇ ಇದ್ದರೂ ವರ್ಷದೊಳಗೆ ಅದರ ಯುವಿ ಬತ್ತಿಹೋಗುತ್ತದೆ, ಹಾಕಿದ ತಾರೀಕನ್ನು ಅದರ ಮೇಲೇ ಬರೆದಿಡಿ. ಕ್ಯಾಲ್ಸಿಯಂಗೆಂದು ಕೊಡುವ ಕಟಲ್‌ಫಿಶ್ ಎಂಬ ಕಡಲಜೀವಿಯ ಮೂಳೆಯನ್ನು ಹೆಚ್ಚಿನ ಗ್ರೇಗಳು ಆಟಕ್ಕೆ ಪುಡಿಮಾಡಿ ಬೀಳಿಸುತ್ತವೆ, ತಿನ್ನುವುದಿಲ್ಲ. ಅದನ್ನು ಕೆರೆದು, ಬೇಯಿಸಿದ ಕುಂಬಳದ ಮೇಲೆ ಉದುರಿಸಿ. ಮನುಷ್ಯರ ಕ್ಯಾಲ್ಸಿಯಂ-ಡಿ3 ಮಾತ್ರೆ ಅರೆದು ಹಾಕುವ ಜಾಣತನ ಮಾತ್ರ ಬೇಡ, ಅಳತೆ ಮೀರಿದರೆ ಮೂತ್ರಪಿಂಡ ಕಲ್ಲಾಗುತ್ತದೆ.

ಮೂರನೆಯದು ಹೊಗೆ. ಮಲೆನಾಡಿನ ಮನೆಗೆ ಹೊಗೆ ಬರುವ ದಾರಿ ಒಂದೇ ಎರಡೇ? ಬಚ್ಚಲ ಒಲೆ, ಸೊಳ್ಳೆ ಬತ್ತಿ, ಸಂಜೆಯ ಧೂಪ, ಕೊಯ್ಲಿನ ಕಾಲದಲ್ಲಿ ಅಂಗಳದ ಅಡಿಕೆ ಬೇಯಿಸುವ ಒಲೆ. ಪಂಜರ ಇರುವ ಕೋಣೆ ಇವೆಲ್ಲಕ್ಕೂ ಗಾಳಿಯ ಮೇಲುಬದಿಯಲ್ಲಿರಲಿ. ಸೊಳ್ಳೆಗೆ ಪಂಜರದ ಸುತ್ತ ಪರದೆಯೇ ಸಾಕು. ಬಟ್ಟೆ ಕಪಾಟಿನ ನುಸಿಗುಳಿಗೆಯೂ ವಿಷವೇ. ಎಲ್ಲಕ್ಕಿಂತ ಘೋರ ನಾನ್‌ಸ್ಟಿಕ್ ಕಾವಲಿ. ಒಲೆಯ ಮೇಲೆ ಬರಿದೇ ಕಾದು 260 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಟೆಫ್ಲಾನ್ ಲೇಪನ ಬಿಡುವ ಅನಿಲ ನಮ್ಮ ಮೂಗಿಗೆ ತಿಳಿಯುವ ಮೊದಲೇ ಪಕ್ಕದ ಕೋಣೆಯ ಹಕ್ಕಿ ಸತ್ತಿರುತ್ತದೆ. ಗಿಣಿ ಇರುವ ಮನೆಯಲ್ಲಿ ದೋಸೆ ಕಬ್ಬಿಣದ ಕಾವಲಿಯಲ್ಲೇ ಆಗಲಿ. ರುಚಿಯೂ ಅದರದ್ದೇ ಹೆಚ್ಚು.

ಪಂಜರಕ್ಕೆ ಬಂದರೆ, ಕನಿಷ್ಠ ಮೂರಡಿ ಅಗಲ, ಎರಡಡಿ ಆಳ, ನಾಲ್ಕಡಿ ಎತ್ತರ. ಸರಳುಗಳ ನಡುವೆ ಎರಡರಿಂದ ಎರಡೂವರೆ ಸೆಂಟಿಮೀಟರ್. ಊರಿನ ವೆಲ್ಡಿಂಗ್ ಶಾಪಿನಲ್ಲಿ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಜಾಲರಿಯ ಪಂಜರ ಅಗ್ಗವಾಗುತ್ತದೆ ನಿಜ, ಆದರೆ ಗ್ರೇ ಇಡೀ ದಿನ ಕೊಕ್ಕಿನಿಂದ ತಂತಿ ಉಜ್ಜುತ್ತದೆ, ಸತುವಿನ ಚಕ್ಕೆ ಹೊಟ್ಟೆಗೆ ಹೋಗುತ್ತದೆ. ಮಳೆಗಾಲದ ತೇವಕ್ಕೆ ಜಿಐ ಮೇಲೆ ಏಳುವ ಬಿಳಿ ಪುಡಿಯೂ ಅದೇ ಸತು. ಸ್ಟೇನ್‌ಲೆಸ್ ಸ್ಟೀಲ್‌ಗೆ ದುಡ್ಡು ಹೆಚ್ಚಾದರೂ ನಲವತ್ತು-ಐವತ್ತು ವರ್ಷ ಬದುಕುವ ಹಕ್ಕಿಗೆ ಒಮ್ಮೆ ಮಾಡಿಸಿದರಾಯಿತು. ಜಗುಲಿಯಲ್ಲಿ ರಾತ್ರಿ ಬಿಡಬೇಡಿ: ಹಾವು, ಬೆಕ್ಕು, ಇಲಿ. ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿಟ್ಟರೆ ಇರುವೆ ಹತ್ತುವುದಿಲ್ಲ, ಆ ನೀರನ್ನು ಎರಡು ದಿನಕ್ಕೊಮ್ಮೆ ಚೆಲ್ಲದಿದ್ದರೆ ಸೊಳ್ಳೆ ಸಾಕಿದಂತೆ.

ಕೂರಲು ಪೇರಲೆ ಕೊಂಬೆ ಉತ್ತಮ, ಎರಡೂವರೆಯಿಂದ ಮೂರೂವರೆ ಸೆಂಟಿಮೀಟರ್ ದಪ್ಪ, ಅಂಕುಡೊಂಕಾಗಿದ್ದಷ್ಟೂ ಪಾದಕ್ಕೆ ಒಳ್ಳೆಯದು. ದಾಸವಾಳ, ಬಿದಿರೂ ಆಗುತ್ತದೆ. ಕಣಗಿಲೆ, ಹರಳು ಬೇಡ. ಮತ್ತೆ ಅಡಿಕೆ ತೋಟದಲ್ಲಿದ್ದ ಪೇರಲೆ ಮರವೆಂದರೆ ಒಂದು ಪ್ರಶ್ನೆ ಕೇಳಲೇಬೇಕು: ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆದಾಗ ಈ ಮರದ ಮೇಲೂ ಬಿತ್ತೇ? ಆ ಔಷಧಿ, ಅಂದರೆ ಬೋರ್ಡೋ ದ್ರಾವಣದ ಮೈಲುತುತ್ತ ತೊಗಟೆಗೆ ಅಂಟಿಕೊಂಡಿರುತ್ತದೆ, ಗಿಣಿ ಮೊದಲು ಸುಲಿಯುವುದೇ ತೊಗಟೆಯನ್ನು. ನೀಲಿ ಛಾಯೆ ಕಂಡರೆ ಆ ಕೊಂಬೆ ಒಲೆಗೆ. ಮಳೆಗಾಲದಲ್ಲಿ ಕೋಲುಗಳನ್ನು ವಾರಕ್ಕೊಮ್ಮೆ ಉಜ್ಜಿ, ಪೂರ್ತಿ ಒಣಗಿಸಿ ಮತ್ತೆ ಹಾಕಿ. ಇದಕ್ಕಾಗಿ ಎರಡು ಜೊತೆ ಇಟ್ಟುಕೊಳ್ಳಬೇಕು. ತಟ್ಟೆಯ ಕಾಗದ ದಿನಾ ಬದಲಾಗಲಿ.

ಆ ಕಾಗದವನ್ನು ಮುದುಡಿ ಎಸೆಯುವ ಮುನ್ನ ಬಿಡಿಸಿ ನೋಡಿ. ಹಿಕ್ಕೆಯಲ್ಲಿ ಮೂರು ಭಾಗ: ಹಸಿರು ಅಥವಾ ಕಂದು ಗಟ್ಟಿ, ಅದರ ಮೇಲೆ ಸುಣ್ಣದಂತೆ ಬಿಳಿ, ಸುತ್ತ ಸ್ವಲ್ಪ ನೀರು. ಪೆಲೆಟ್ ಬಣ್ಣದಿಂದ ಗಟ್ಟಿ ಭಾಗ ಬದಲಾಗಬಹುದು. ಬಿಳಿ ಭಾಗ ಹಳದಿಗೋ ಹಸಿರಿಗೋ ತಿರುಗಿದರೆ ಯಕೃತ್ತಿನ ಕಡೆ ಸಂಶಯ. ಅದರಲ್ಲೂ ಗಿಳಿಜ್ವರವಿದ್ದರೆ ಮನೆಯವರಿಗೂ ಹರಡುತ್ತದೆ, ವೈದ್ಯರಿಗೆ ಹೇಳಿ ಪರೀಕ್ಷೆ ಮಾಡಿಸಿ. ಜೊತೆಗೆ ದಿನಾ ಬೆಳಗ್ಗೆ ತಿನ್ನುವ ಮೊದಲು ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ಹಕ್ಕಿಯನ್ನು ಕೂರಿಸಿ ತೂಕ ಬರೆದಿಡಿ, ಒಂದು ಗ್ರಾಂ ತೋರಿಸುವ ತಕ್ಕಡಿ ಸಾಕು. 450 ಗ್ರಾಂ ಹಕ್ಕಿ 430ಕ್ಕೆ ಬಂದು ಎರಡು ದಿನ ಅಲ್ಲೇ ನಿಂತರೆ ಫೋನ್ ಮಾಡಿ, 405ಕ್ಕೆ ಬಂದರೆ ಆಸ್ಪತ್ರೆಗೆ ಹೊರಡಿ. ಗಿಣಿ ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತದೆ. ಗರಿ ಉಬ್ಬಿಸಿ ಕೂತದ್ದು ಕಾಣುವ ಹೊತ್ತಿಗೆ ಅದು ಹಲವು ದಿನಗಳಿಂದ ಹುಷಾರಿಲ್ಲದ ಹಕ್ಕಿ.

ಆಸ್ಪತ್ರೆಯೆಂದರೆ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೇ ಸುಮಾರು 60 ಕಿಲೋಮೀಟರ್. ಅಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಹಕ್ಕಿ ನೋಡುವವರು ಯಾವ ದಿನ ಇರುತ್ತಾರೆಂದು ಹಕ್ಕಿ ಚೆನ್ನಾಗಿರುವಾಗಲೇ ಕೇಳಿಟ್ಟುಕೊಳ್ಳಿ. ದಾರಿಗೆ ಸಣ್ಣ ಪೆಟ್ಟಿಗೆ, ತಳಕ್ಕೆ ಟವೆಲ್, ಒಂದು ಬದಿಗೆ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ. ಒಳಗೆ 28ರಿಂದ 30 ಡಿಗ್ರಿ ಇರಲಿ. ಬಾಯಿಗೆ ಕಷಾಯ ಸುರಿಯಬೇಡಿ, ಉಸಿರುನಾಳಕ್ಕೆ ಹೋಗುತ್ತದೆ.

ಗರಿ ಕಿತ್ತುಕೊಳ್ಳುವ ಚಾಳಿ ಹೆಚ್ಚಾಗುವುದೂ ಮಳೆಗಾಲದಲ್ಲೇ. ‘ಬೇಜಾರಿಗೆ’ ಎಂದು ತೀರ್ಮಾನಿಸುವ ಮೊದಲು ರಕ್ತ ಪರೀಕ್ಷೆಯಾಗಲಿ. ಕೊಕ್ಕು-ಗರಿ ರೋಗದ ವೈರಸ್, ಯಕೃತ್ತಿನ ರೋಗ, ಸತುವಿನ ವಿಷ ಇವು ಇಲ್ಲವೆಂದು ಖಚಿತವಾಗಬೇಕು. ಗ್ರೇಯ ಮೈಯಿಂದ ಸದಾ ಬಿಳಿ ಪುಡಿ ಉದುರುತ್ತಿರುತ್ತದೆ, ಕೊಕ್ಕಿನ ಮೇಲೂ ಬೂದಿ ಸವರಿದಂತಿರುತ್ತದೆ. ಅದು ಆರೋಗ್ಯ. ಪುಡಿಯೇ ಇಲ್ಲದೆ ಕೊಕ್ಕು ಮಿರಮಿರ ಹೊಳೆದರೆ ಅದನ್ನೂ ವೈದ್ಯರಿಗೆ ಹೇಳಿ. ಕಾಯಿಲೆ ಏನೂ ಇಲ್ಲವೆಂದಾದ ಮೇಲೆ ಬೇಜಾರಿನ ಮಾತು. ದಿನಕ್ಕೆ ಮೂರು ಗಂಟೆಯಾದರೂ ಪಂಜರದ ಹೊರಗೆ, ಫ್ಯಾನ್ ನಿಲ್ಲಿಸಿದ ಕೋಣೆಯಲ್ಲಿ. ಹತ್ತು-ಹನ್ನೆರಡು ಗಂಟೆ ಕತ್ತಲೆ ನಿದ್ದೆ. ರಾತ್ರಿ ಹನ್ನೊಂದರವರೆಗೆ ಟಿವಿ ಇರುವ ಪಡಸಾಲೆಯಲ್ಲಿ ಇದು ಆಗದು. ಊಟವನ್ನು ಬಟ್ಟಲಿಗೆ ಸುರಿದಿಡುವ ಬದಲು ಬಾಳೆಲೆ ಚೂರಿನಲ್ಲಿ ಮಡಚಿ, ಕಡ್ಡಿ ಚುಚ್ಚಿ ಕಟ್ಟಿ. ಬಿಚ್ಚಲು ಮೊದಲು ಐದು ನಿಮಿಷ, ಆಮೇಲೆ ಒಂದೇ ನಿಮಿಷ. ಆಗ ಎರಡು ಸುತ್ತು ಕಟ್ಟಿ, ತೆಂಗಿನ ಚಿಪ್ಪಿನೊಳಗೆ ಬಚ್ಚಿಡಿ. ಕುಕ್ಕರ್ ವಿಷಲ್, ಫೋನ್ ರಿಂಗಣ, ಅಮ್ಮನ ‘ಯಾರು ಬಂದ್ರು?’ ಎಲ್ಲ ಕಲಿಯುತ್ತದೆ. ಕಿರುಚಿದಾಗ ಓಡಿಬಂದು ಗದರಿದರೆ ಅದನ್ನೂ ಕಲಿಯುತ್ತದೆ: ಕಿರುಚಿದರೆ ಜನ ಬರುತ್ತಾರೆ. ಮೆತ್ತಗೆ ಸಿಳ್ಳೆ ಹಾಕಿದಾಗ ಉತ್ತರಿಸಿ, ಕಿರುಚಿದಾಗ ಬೆನ್ನು ಹಾಕಿ.

ಸ್ನಾನ ಬೇಸಗೆಯಲ್ಲಿ ವಾರಕ್ಕೆ ಎರಡು-ಮೂರು ಸಲ, ಮಳೆಯಲ್ಲಿ ಒಂದು ಸಲ. ಬೆಳಗ್ಗೆ ಹತ್ತರೊಳಗೆ ಉಗುರುಬೆಚ್ಚಗಿನ ನೀರು ಸಿಂಪಡಿಸಿದರೆ ಸಂಜೆಯೊಳಗೆ ಬುಡದ ಗರಿಯೂ ಒಣಗುತ್ತದೆ. ಕರೆಂಟು ಹೋಗುವ ದಿನ ಬೇಡ.

ಕಾಗದಪತ್ರದ ಮಾತು ಎರಡೇ ಸಾಲು, ಆದರೆ ಬಿಡುವಂತಿಲ್ಲ. 2017ರ ಜನವರಿಯಿಂದ ಈ ಗಿಣಿ ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟ್ಸ್ ಒಪ್ಪಂದದ ಮೊದಲ ಅನುಬಂಧದಲ್ಲಿದೆ, ಕಾಡಿನಿಂದ ಹಿಡಿದದ್ದನ್ನು ದೇಶದಿಂದ ದೇಶಕ್ಕೆ ವ್ಯಾಪಾರ ಮಾಡಲು ಅವಕಾಶವಿಲ್ಲ. ನಮ್ಮಲ್ಲಿ 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಕಾಯ್ದೆ ಮತ್ತು 2024ರ ನಿಯಮಗಳ ಪ್ರಕಾರ ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮರಿಯಾದರೆ, ಸತ್ತರೆ, ಕೈ ಬದಲಾದರೆ ತಿಳಿಸಬೇಕು. ಮಾರುವವರ ಹತ್ತಿರ ನೋಂದಣಿ ಕಾಗದ ಇಲ್ಲವೆಂದರೆ ಮಾತು ಅಲ್ಲಿಗೇ ಮುಗಿಸಿ. ನಮ್ಮ ತೋಟದ ಹಸಿರು ಗಿಳಿಯನ್ನಂತೂ ಪಂಜರದಲ್ಲಿಡುವುದೇ ಅಪರಾಧ.

ಹಸ್ತದ ಮಳೆ ಮುಗಿದು ಹೊಳಪು ಬಿಸಿಲು ಬಿದ್ದ ಕೂಡಲೇ ಪಂಜರವನ್ನು ಬೆಳಗ್ಗೆ ಎಂಟು ಗಂಟೆಗೆ ಅಂಗಳಕ್ಕೆ ಎತ್ತಿಡಿ. ಅರ್ಧಕ್ಕೆ ಬಟ್ಟೆ ಹೊದಿಸಿ ನೆರಳು ಮಾಡಿ, ಮೊದಲ ದಿನ ಹದಿನೈದು ನಿಮಿಷ, ಆಮೇಲೆ ಅರ್ಧ ಗಂಟೆ. ಮಂಗ, ಗಿಡುಗ ಎರಡೂ ಇರುವ ಊರು. ಒಬ್ಬರು ಕಾಫಿ ಲೋಟ ಹಿಡಿದು ಪಕ್ಕದಲ್ಲೇ ಕೂತಿರಲಿ.