ಐದು ಸೆಕೆಂಡು ಚಿಲ್ಲರೆ

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಪಂದ್ಯ, ಗಡಿಯಾರದಲ್ಲಿ ಉಳಿದದ್ದು 5.3 ಸೆಕೆಂಡು. ವರ್ಜೀನಿಯಾ 58, ನಾರ್ತ್ ಕ್ಯಾರೊಲೈನಾ ಸ್ಟೇಟ್ 55. ಫ್ರೀ ಥ್ರೋಗೆ, ಅಂದರೆ ಫೌಲಿಗೆ ಸಿಗುವ ಒಂದು ಅಂಕದ ಎಸೆತಕ್ಕೆ, ಗೆರೆಯ ಮೇಲೆ ನಿಂತವನು ವರ್ಜೀನಿಯಾದ ಐಸಾಕ್ ಮೆಕ್‌ನೀಲಿ. ಆ ತಂಡದಲ್ಲಿ ಯಾರ ಕೈಗೆ ಚೆಂಡು ಕೊಟ್ಟು ಕಣ್ಣು ಮುಚ್ಚಿಕೊಳ್ಳಬಹುದು ಎಂದು ಕೇಳಿದರೆ ಮೊದಲು ಬರುವ ಹೆಸರು. ಎಸೆದ, ಬೀಳಲಿಲ್ಲ. ರಿಬೌಂಡ್, ಅಂದರೆ ತಪ್ಪಿ ಪುಟಿದು ಬಂದ ಚೆಂಡು, ಸ್ಟೇಟ್‌ನವರಿಗೆ. ಚೆಂಡು ಹಿಡಿದು ಮೈಕಲ್ ಓಕಾನೆಲ್ ಅಂಕಣದುದ್ದಕ್ಕೂ ಓಡಿದ, ಮೂರು ಪಾಯಿಂಟ್ ಗೆರೆಯ ಹೊರಗಿನಿಂದ ಓಟದಲ್ಲೇ ಎಸೆದ. ಚೆಂಡು ಬೋರ್ಡಿಗೆ ಬಡಿದು, ರಿಂಗಿನ ಮೇಲೆ ತುಸು ಯೋಚನೆ ಮಾಡಿ, ಒಳಗೆ ಬಿತ್ತು. 58-58.

2024ರ ಮಾರ್ಚ್ 15ರ ಶುಕ್ರವಾರ ರಾತ್ರಿ ವಾಷಿಂಗ್ಟನ್‌ನಲ್ಲಿ ನಡೆದ ಎಸಿಸಿ (ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಎಂಬ ಕಾಲೇಜು ಲೀಗ್) ಟೂರ್ನಿಯ ಸೆಮಿಫೈನಲ್ ಇದು. ನಮ್ಮ ಲೆಕ್ಕದಲ್ಲಿ ಶನಿವಾರ ಬೆಳಗಿನ ತಿಂಡಿ ಹೊತ್ತು. ನಾರ್ತ್ ಕ್ಯಾರೊಲೈನಾದ ರಾಲಿ, ಕ್ಯಾರಿ, ಮಾರಿಸ್‌ವಿಲ್ ಕಡೆ ಮನೆ ಮಾಡಿಕೊಂಡಿರುವ ನಮ್ಮವರ ಮಕ್ಕಳಿಗೆ ಸ್ಟೇಟ್ ಅಂದರೆ ಊರ ಕಾಲೇಜು. ಆ ಕ್ಲಿಪ್ಪು ಮುಂದಿನ ಮೂರು ದಿನವೂ ತಿರುಗುತ್ತಲೇ ಇತ್ತು. ತಿರುಗುವ ತುಣುಕಿನಲ್ಲಿ ಇರುವುದು ಮಾತ್ರ ಕೊನೆಯ ಎರಡು ಸೆಕೆಂಡು: ಎಸೆತ, ಬೋರ್ಡು, ಕುಣಿತ. ನೋಡಬೇಕಾದ್ದು ಅದಕ್ಕೂ ಮುಂಚಿನದು.

ಮೊದಲು ಆ ಫ್ರೀ ಥ್ರೋ. ನಮ್ಮಲ್ಲಿ ಅಂತರರಾಷ್ಟ್ರೀಯ ಸಂಸ್ಥೆ ಫಿಬಾದ ನಿಯಮದಲ್ಲಿ ಆಡಿದವರಿಗೆ ಅದು ವಿಚಿತ್ರವಾಗಿ ಕಾಣುತ್ತದೆ. ಹತ್ತು ನಿಮಿಷದ ಕ್ವಾರ್ಟರ್‌ನಲ್ಲಿ ತಂಡದ ಐದನೇ ಫೌಲಿನಿಂದ ಎದುರಾಳಿಗೆ ಎರಡು ಎಸೆತ ಸಿಗುತ್ತದೆ, ಅಲ್ಲಿಗೆ ಮುಗಿಯಿತು. ಅಮೆರಿಕದ ಪುರುಷರ ಕಾಲೇಜು ಆಟದಲ್ಲಿ ಕ್ವಾರ್ಟರ್ ಇಲ್ಲ, ಇಪ್ಪತ್ತು ನಿಮಿಷದ ಎರಡು ಅರ್ಧಗಳು. ಒಂದು ಅರ್ಧದಲ್ಲಿ ತಂಡದ ಏಳು, ಎಂಟು, ಒಂಬತ್ತನೇ ಫೌಲಿಗೆ ಎದುರಾಳಿಗೆ ಸಿಗುವುದು 'ಒನ್ ಅಂಡ್ ಒನ್'. ಮೊದಲನೆಯದು ಬಿದ್ದರೆ ಮಾತ್ರ ಎರಡನೆಯದು. ಬೀಳದಿದ್ದರೆ ಚೆಂಡು ಆಗಲೇ ಜೀವಂತ, ಯಾರ ಕೈಗೆ ಸಿಕ್ಕರೆ ಅವರದು. ಹತ್ತನೇ ಫೌಲಿನಿಂದ ಎರಡು ಎಸೆತ ಖಾತ್ರಿ. ವೃತ್ತಿಪರರ ಎನ್‌ಬಿಎಯಲ್ಲಿ ಈ ನಿಯಮ ಇಲ್ಲ, ಹೆಂಗಸರ ಕಾಲೇಜು ಆಟವೂ ಕ್ವಾರ್ಟರ್‌ಗೆ ಹೋದಾಗಲೇ ಇದನ್ನು ಬಿಟ್ಟಿತು. ಗಂಡಸರು ಮಾತ್ರ ಅಜ್ಜನ ಕಾಲದ ಕೊಡೆಯ ಹಾಗೆ ಹಿಡಿದುಕೊಂಡಿದ್ದಾರೆ.

ಲೆಕ್ಕ ಹಾಕಿ ನೋಡಿ. ನೂರಕ್ಕೆ ಎಂಬತ್ತು ಹಾಕುವ ಆಟಗಾರ ಅಂದುಕೊಳ್ಳೋಣ. ಖಾತ್ರಿ ಎರಡು ಎಸೆತ ಸಿಕ್ಕರೆ ಬರಿಗೈಯಲ್ಲಿ ಬರುವ ಸಂಭವ ನೂರರಲ್ಲಿ ನಾಲ್ಕು. ಒನ್ ಅಂಡ್ ಒನ್‌ನಲ್ಲಿ ಅದೇ ಕೈಗೆ ನೂರರಲ್ಲಿ ಇಪ್ಪತ್ತು. ಐದು ಪಟ್ಟು. ಮೂರರ ಮುನ್ನಡೆ ಇರುವಾಗ ಒಂದೇ ಒಂದು ಬಿದ್ದರೂ ಅಂತರ ನಾಲ್ಕಾಗುತ್ತದೆ, ಎದುರಾಳಿ ಒಂದೇ ಸಲಕ್ಕೆ ಸಮ ಮಾಡಲಾರ, ಆಟ ಮುಗಿದ ಹಾಗೇ. ಮೆಕ್‌ನೀಲಿಗೆ ಬೇಕಿದ್ದದ್ದು ಆ ಒಂದು.

ಒಳ್ಳೆ ಶೂಟರ್ ಯಾಕೆ ತಪ್ಪುತ್ತಾನೆ? 'ಒತ್ತಡ' ಎಂದು ಟಿವಿಯವರು ಹೇಳಿ ಕೈತೊಳೆದುಕೊಳ್ಳುತ್ತಾರೆ. ಒತ್ತಡ ಕೆಲಸ ಮಾಡುವುದು ಕಾಲುಗಳ ಮೂಲಕ. ಬೋರ್ಡಿನಿಂದ ಹದಿನೈದು ಅಡಿ ದೂರದ ಈ ಎಸೆತದ ಬಲ ಬರುವುದು ಮಂಡಿ ಬಗ್ಗಿ ಏಳುವುದರಲ್ಲಿ, ಕೈ ದಿಕ್ಕು ತೋರಿಸುತ್ತದೆ ಅಷ್ಟೇ. ನಲವತ್ತನೇ ನಿಮಿಷದಲ್ಲಿ ತೊಡೆ ಸೋತಿರುತ್ತದೆ, ಮಂಡಿ ಅರ್ಧಕ್ಕೇ ನಿಲ್ಲುತ್ತದೆ, ಉಳಿದದ್ದನ್ನು ಭುಜ ತುಂಬಿಸಲು ಹೋಗುತ್ತದೆ. ಆಗ ಚೆಂಡು ಚಪ್ಪಟೆಯಾಗಿ ಹೋಗಿ ಮುಂದಿನ ರಿಂಗಿಗೆ ಬಡಿಯುತ್ತದೆ, ಇಲ್ಲವೇ ಜೋರಾಗಿ ಹಿಂದಿನ ರಿಂಗಿಗೆ. ಎಡಕ್ಕೋ ಬಲಕ್ಕೋ ಹೋದರೆ ತಪ್ಪು ಬೇರೆ, ಆಸರೆ ಕೈಯ ಹೆಬ್ಬೆರಳು ಕೊನೆಗಳಿಗೆಯಲ್ಲಿ ನೂಕಿರುತ್ತದೆ. ಅದಕ್ಕೇ ಪ್ರಾಕ್ಟೀಸಿನ ಶುರುವಿನಲ್ಲಿ ಆರಾಮಾಗಿ ಹಾಕುವ ಐವತ್ತು ಫ್ರೀ ಥ್ರೋಗೆ ಅಷ್ಟು ಬೆಲೆ ಇಲ್ಲ. ಗೆರೆಯಿಂದ ಗೆರೆಗೆ ಓಡಿ ಏದುಸಿರು ಬಿಡುತ್ತಾ ಎರಡು, ಮತ್ತೆ ಓಟ, ಮತ್ತೆ ಎರಡು, ಹೀಗೆ ಹಾಕಿಸಬೇಕು. ನಮ್ಮ ಎಷ್ಟೋ ಕಾಲೇಜು ತಂಡಗಳಲ್ಲಿ ಇದು ಕೊನೆಗೆ ಸಮಯ ಉಳಿದರೆ ಮಾಡಿಸುವ ಕೆಲಸ.

ಇನ್ನು ಆ 5.3 ಸೆಕೆಂಡು. ಫ್ರೀ ಥ್ರೋ ತಪ್ಪಿದಾಗ ಚೆಂಡು ರಿಂಗಿಗೆ ಬಡಿದ ಕ್ಷಣಕ್ಕೆ ಗಡಿಯಾರ ಓಡುವುದಿಲ್ಲ, ಅಂಕಣದಲ್ಲಿ ಯಾರಾದರೂ ಮುಟ್ಟಿದ ಮೇಲೆ ಓಡುತ್ತದೆ. ಹಾಗಾಗಿ ರಿಬೌಂಡ್ ಕೈಗೆ ಸಿಕ್ಕಾಗ ಐದೂ ಚಿಲ್ಲರೆ ಪೂರ್ತಿ ಉಳಿದಿರುತ್ತದೆ. ಅಂಕಣದ ಉದ್ದ 94 ಅಡಿ. ಆ ತುದಿಯಿಂದ ಈ ತುದಿಯ ಮೂರು ಪಾಯಿಂಟ್ ಗೆರೆಗೆ ಸುಮಾರು ಇಪ್ಪತ್ತು ಮೀಟರ್. ಚೆಂಡು ಪುಟಿಸುತ್ತಾ ಪೂರಾ ವೇಗದಲ್ಲಿ ಓಡಿದರೆ ನಾಲ್ಕು ಸೆಕೆಂಡು ಬೇಕು, ಎಸೆಯಲು ಉಳಿಯುವುದು ಒಂದು. ಇಲ್ಲಿ ಸಾಮಾನ್ಯವಾಗಿ ಎರಡು ತಪ್ಪಾಗುತ್ತದೆ. ಒಂದು, ರಿಬೌಂಡ್ ಹಿಡಿದವನು ಚೆಂಡನ್ನು ಎದೆಗೆ ಅವುಚಿಕೊಂಡು ಸುತ್ತ ನೋಡುತ್ತಾನೆ, ಒಂದು ಸೆಕೆಂಡು ಅಲ್ಲೇ ಹೋಯಿತು. ಎರಡು, ಓಡುವವನು ಗಾಬರಿಯಲ್ಲಿ ಮಧ್ಯಗೆರೆಯಿಂದಲೇ ಎಸೆದುಬಿಡುತ್ತಾನೆ. ಸ್ಟೇಟ್‌ನವರು ಎರಡನ್ನೂ ಮಾಡಲಿಲ್ಲ. ಸೈಡ್‌ಲೈನಿನಲ್ಲಿ ಕೂಗಾಟ ಎಷ್ಟಿತ್ತೋ, ಚೆಂಡು ಮಾತ್ರ ತಿರುಗಿ ಎದುರು ರಿಂಗಿನ ಕಡೆ ಹೊರಟೇಬಿಟ್ಟಿತ್ತು. ಬೋರ್ಡಿಗೆ ಬಡಿದು ಬಿದ್ದದ್ದು ಅದೃಷ್ಟ, ಯಾರು ಇಲ್ಲ ಅಂದರು? ಆದರೆ ಬಜರಿಗೆ ಮುಂಚೆ ಗೆರೆಯ ಹತ್ತಿರ ತಲುಪಿದ್ದು ಅದೃಷ್ಟ ಅಲ್ಲ.

ವರ್ಜೀನಿಯಾದವರು ಫೌಲ್ ಮಾಡಬೇಕಿತ್ತಲ್ಲ ಎಂಬ ಜಗಳ ಬೇಗ ತಣ್ಣಗಾಗಲಿಲ್ಲ. ಮೂರರ ಮುನ್ನಡೆ, ಐದು ಸೆಕೆಂಡು. ಓಡುವವನನ್ನು ಹಿಡಿದು ನಿಲ್ಲಿಸಿದರೆ ಅವನಿಗೆ ಹೆಚ್ಚೆಂದರೆ ಎರಡು ಫ್ರೀ ಥ್ರೋ, ಸಮ ಆಗುವುದಿಲ್ಲ. ಕಾಗದದ ಮೇಲೆ ಸುಲಭ. ಅಂಕಣದಲ್ಲಿ ಅವನು ಎಸೆಯಲು ಕೈ ಎತ್ತುವುದಕ್ಕೆ ಮುಂಚೆ ಮುಟ್ಟಬೇಕು, ತಡವಾದರೆ ಮೂರು ಎಸೆತ ಕೊಟ್ಟ ಹಾಗೆ. ಚೆಂಡಿನ ಕಡೆ ಕೈ ಹಾಕದೆ ಬರೀ ಅಂಗಿ ಎಳೆದರೆ ಫ್ಲೇಗ್ರಂಟ್ (ಗಂಭೀರ ಫೌಲ್) ಎಂದು ಸೀಟಿ ಊದಿ, ಎರಡು ಎಸೆತದ ಜೊತೆ ಚೆಂಡನ್ನೂ ಕೊಡುತ್ತಾರೆ. ಆಗ ಕೋಚ್ ಟೋನಿ ಬೆನೆಟ್ ಕಲಿಸುತ್ತಿದ್ದ ವರ್ಜೀನಿಯಾ ಬೇರೆ: ಬಾಸ್ಕೆಟ್ಟಿನ ಸುತ್ತ ಒಂದು ಕಾಣದ ಗೆರೆ ಎಳೆದುಕೊಂಡು ಅದರೊಳಗೆ ಗುಂಪುಗೂಡಿ ಕಾಯುವ ತಂಡ, ಎದುರಾಳಿಗೆ ಆತುರ ಹುಟ್ಟುವವರೆಗೆ ತಾಳ್ಮೆಯಿಂದ ಆಡುವವರು. ಓಡುವವನ ಮೇಲೆ ಬಿದ್ದು ಫೌಲ್ ಮಾಡು ಅನ್ನುವುದು ಅವರ ಮೈಗೆ ಒಗ್ಗಿದ ಚಾಳಿಯಾಗಿರಲಿಲ್ಲ. ಆದರೂ ಮಾಡಬೇಕಿತ್ತು ಎಂಬ ಪಕ್ಷ ನನ್ನದು, ಮಧ್ಯಗೆರೆ ದಾಟುವ ಮುಂಚೆ.

ಓವರ್‌ಟೈಮಿನ ಐದು ನಿಮಿಷದಲ್ಲಿ ಸ್ಟೇಟ್ 15, ವರ್ಜೀನಿಯಾ 7. ಒಟ್ಟು 73-65. ಅಲ್ಲಿ ಹೇಳುವಂಥದ್ದು ಹೆಚ್ಚಿಲ್ಲ, ಗೆದ್ದಾಯಿತು ಎಂದು ಮನಸ್ಸಿನಲ್ಲೇ ಬ್ಯಾಗು ಕಟ್ಟಿದವರು ಮತ್ತೆ ಬಿಚ್ಚಿ ಆಡುವುದು ಕಷ್ಟ.

ಈ ತಂಡದ ವರ್ಷ ಹೇಗಿತ್ತು ಎಂದು ಗೊತ್ತಿದ್ದರೆ ಆ ಓಟಕ್ಕೆ ಇನ್ನೊಂದು ರುಚಿ. ಲೀಗ್ ಮುಗಿದಾಗ 17 ಗೆಲುವು, 14 ಸೋಲು. ಎಸಿಸಿಯೊಳಗೆ 9-11. ಕೊನೆಯ ನಾಲ್ಕೂ ಸೋಲು. ಏಳನೇ ವರ್ಷದಲ್ಲಿದ್ದ ಕೋಚ್ ಕೆವಿನ್ ಕೀಟ್ಸ್ ಅವರ ಕುರ್ಚಿ ಕಿರುಗುಟ್ಟುತ್ತಿತ್ತು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ, ಹುಡುಗರು ಬೇರೆ ಕಾಲೇಜುಗಳಿಂದ ಬಂದ ದಾರಿ ನೋಡಿದರೆ ಸಾಕು. ಓಕಾನೆಲ್ ಸ್ಟ್ಯಾನ್‌ಫರ್ಡ್‌ನಿಂದ, ಡಿಜೆ ಹಾರ್ನ್ ಅರಿಜೋನಾ ಸ್ಟೇಟ್‌ನಿಂದ, ಜೇಡನ್ ಟೇಲರ್ ಬಟ್ಲರ್‌ನಿಂದ, ಮೊಹಮ್ಮದ್ ಡಿಯಾರಾ ಮಿಸೌರಿಯಿಂದ, ಬೆನ್ ಮಿಡಲ್‌ಬ್ರೂಕ್ಸ್ ಕ್ಲೆಮ್ಸನ್‌ನಿಂದ, ಡಿಜೆ ಬರ್ನ್ಸ್ ವಿಂತ್ರಾಪ್‌ನಿಂದ. ಎಲ್ಲರೂ ಬೇರೆ ಬೇರೆ ಒಲೆಯ ಮೇಲೆ ಬೆಂದವರು. ಹೀಗೆ ಕೂಡಿದ ತಂಡದಲ್ಲಿ ಮೊದಲು ಕೆಡುವುದು ಡಿಫೆನ್ಸ್: ಎದುರಾಳಿ ಮೈ ಅಡ್ಡ ಕೊಟ್ಟು ದಾರಿ ತಡೆಯುವ ಸ್ಕ್ರೀನ್ ಬಂದಾಗ ಅದಲುಬದಲಾಗಬೇಕೋ ಹಿಂದೆ ಹೋಗಬೇಕೋ ಎಂಬುದಕ್ಕೆ ಒಬ್ಬೊಬ್ಬರಿಗೆ ಒಂದೊಂದು ಹಳೇ ಅಭ್ಯಾಸ, ಅರ್ಧ ಹೆಜ್ಜೆ ತಡ, ಎದುರಾಳಿಗೆ ಖಾಲಿ ಶಾಟ್. ಆ ಟೂರ್ನಿಯವರೆಗೂ ಅದೇ ನಡೆಯುತ್ತಿತ್ತು.

ಕೇಸಿ ಮಾರ್ಸೆಲ್ ಕಥೆ ಇನ್ನೂ ಚೆಂದ. ವಾಷಿಂಗ್ಟನ್ನಿನ ಹುಡುಗ, ಮೊದಲು ಆಡುತ್ತಿದ್ದದ್ದು ಇದೇ ವರ್ಜೀನಿಯಾಕ್ಕೆ. ಸ್ವಂತ ಊರಲ್ಲಿ ಹಳೇ ಮನೆಯವರ ಎದುರು ಸೆಮಿಫೈನಲ್. ಡಿಯಾರಾ ರಂಜಾನ್ ಉಪವಾಸ ಹಿಡಿದುಕೊಂಡೇ ಟೂರ್ನಿ ಆಡಿದ, ಹಗಲೆಲ್ಲ ನೀರೂ ಇಲ್ಲ, ಆದರೂ ರಿಬೌಂಡಿಗೆ ಅವನದೇ ಕೈ ಮೇಲೆ. ಬರ್ನ್ಸ್ ಬಗ್ಗೆ ಬರೆಯಲು ಹೊರಟರೆ ಇನ್ನೊಂದು ಲೇಖನವೇ ಆದೀತು: ಆರು ಅಡಿ ಒಂಬತ್ತು ಇಂಚು, ನೂರಿಪ್ಪತ್ತು ಕಿಲೋ ಮೇಲಿನ ದೇಹ, ಎಡಗೈ, ಕಾಲಿನ ನಡೆ ಮಾತ್ರ ಭರತನಾಟ್ಯದವರದು. ಎದುರಾಳಿಗೆ ಬೆನ್ನು ಕೊಟ್ಟು ಒಂದೊಂದೇ ಅಡಿ ತಳ್ಳಿಕೊಂಡು ಹೋಗುತ್ತಾನೆ. ಇಬ್ಬರು ಮುತ್ತಿದರೆ ನಗುತ್ತಲೇ ಖಾಲಿ ಇರುವವನಿಗೆ ಪಾಸ್. ಇಂಥವನನ್ನು ಒಬ್ಬನೇ ತಡೆಯುವಂತಿಲ್ಲ, ಇಬ್ಬರು ಹೋಗುವಂತೆಯೂ ಇಲ್ಲ.

ಟೂರ್ನಿಯಲ್ಲಿ ಸ್ಟೇಟ್ ಹತ್ತನೇ ಶ್ರೇಯಾಂಕ. ಮೊದಲ ನಾಲ್ಕು ಶ್ರೇಯಾಂಕದವರು ಗುರುವಾರ ಬಂದರೆ ಸಾಕು, ಇವರು ಮಂಗಳವಾರದಿಂದಲೇ. ಲೂಯಿವಿಲ್, ಸಿರಕ್ಯೂಸ್, ಡ್ಯೂಕ್, ಆಮೇಲೆ ಈ ವರ್ಜೀನಿಯಾ. ದಿನಕ್ಕೊಂದು ಪಂದ್ಯ. ನಾಲ್ಕನೇ ದಿನ ಕೊನೆಯ ಐದು ಸೆಕೆಂಡಿನಲ್ಲಿ ಓಡಲು ಓಕಾನೆಲ್ ಕಾಲಲ್ಲಿ ಶಕ್ತಿ ಉಳಿದಿದ್ದೇ ನನಗೆ ಆ ಬೋರ್ಡ್ ಶಾಟಿಗಿಂತ ದೊಡ್ಡ ಆಶ್ಚರ್ಯ.

ಹಳಬರಿಗೆ 1983 ನೆನಪಾಗಿದ್ದು ಸಹಜ. ಜಿಮ್ ವಲ್ವಾನೊ ಅವರ ಸ್ಟೇಟ್ ತಂಡ ಹ್ಯೂಸ್ಟನ್ನನ್ನು 54-52ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆದ ವರ್ಷ. ಎಲ್ಲರೂ ತೋರಿಸುವುದು ಡೆರೆಕ್ ವಿಟನ್‌ಬರ್ಗ್ ದೂರದಿಂದ ಎಸೆದ ಚೆಂಡು ರಿಂಗು ಮುಟ್ಟದೆ ಬಂದದ್ದನ್ನು ಲೊರೆಂಜೊ ಚಾರ್ಲ್ಸ್ ಗಾಳಿಯಲ್ಲೇ ಹಿಡಿದು ತುರುಕಿದ್ದನ್ನು. ಅದಕ್ಕೂ ಸ್ವಲ್ಪ ಮುಂಚೆ, 52-52 ಇದ್ದಾಗ, ಸ್ಟೇಟ್‌ನವರು ಬೇಕೆಂದೇ ಫೌಲ್ ಮಾಡಿ ಹ್ಯೂಸ್ಟನ್ನಿನ ಮೊದಲ ವರ್ಷದ ಹುಡುಗ ಆಲ್ವಿನ್ ಫ್ರಾಂಕ್ಲಿನ್‌ನನ್ನು ಗೆರೆಗೆ ಕಳಿಸಿದ್ದರು. ಒನ್ ಅಂಡ್ ಒನ್. ಮೊದಲನೆಯದೇ ತಪ್ಪಿತು. ಇಷ್ಟು ಸೆಕೆಂಡಿನೊಳಗೆ ಎಸೆಯಲೇಬೇಕು ಎನ್ನುವ ಶಾಟ್ ಕ್ಲಾಕ್ ಆಗ ಇರಲಿಲ್ಲ, ಕೊನೆಯ ಎಸೆತಕ್ಕೆ ಕಾಯುತ್ತಾ ಕುಳಿತರು. ನಲವತ್ತೊಂದು ವರ್ಷದ ಅಂತರದಲ್ಲಿ ಎರಡು ಕ್ಲಿಪ್ಪು, ಎರಡರಿಂದಲೂ ಕತ್ತರಿಸಿ ಹೋದದ್ದು ಇನ್ನೊಬ್ಬ ಹುಡುಗ ಗೆರೆಯ ಮೇಲೆ ಒಂಟಿಯಾಗಿ ನಿಂತ ಭಾಗ.

ಶನಿವಾರ ರಾತ್ರಿ ಫೈನಲ್‌ನಲ್ಲಿ ಪಕ್ಕದ ಮನೆಯ ಯುಎನ್‌ಸಿ (ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯ) ಎದುರು 84-76. ಹಾರ್ನ್ 29, ಬರ್ನ್ಸ್ 20. ಐದು ದಿನದಲ್ಲಿ ಐದು ಗೆಲುವು, 1987ರ ನಂತರ ಮೊದಲ ಎಸಿಸಿ ಕಿರೀಟ. ಭಾನುವಾರ ರಾಷ್ಟ್ರೀಯ ಟೂರ್ನಿಯ ಪಟ್ಟಿ ಬಂತು: ಸ್ಟೇಟ್‌ಗೆ 11ನೇ ಶ್ರೇಯಾಂಕ, ಗುರುವಾರ ಪಿಟ್ಸ್‌ಬರ್ಗ್‌ನಲ್ಲಿ ಟೆಕ್ಸಸ್ ಟೆಕ್ ಎದುರಾಳಿ. ಕಿರೀಟ ಇರದಿದ್ದರೆ ಈ ಪಟ್ಟಿಯಲ್ಲಿ ಇವರ ಹೆಸರು ಬರುತ್ತಿರಲಿಲ್ಲ.

ವರ್ಜೀನಿಯಾ ಕೂಡ ಪಟ್ಟಿಯ ಅಂಚಿನಲ್ಲಿ ಹೇಗೋ ತೂರಿಕೊಂಡಿತ್ತು. ಮಂಗಳವಾರ ರಾತ್ರಿ ಡೇಟನ್‌ನಲ್ಲಿ ಕೊಲರಾಡೊ ಸ್ಟೇಟ್ ಜೊತೆ ಪಂದ್ಯ ಇತ್ತು. ಕೊನೆಯಲ್ಲಿ ಅಂತರ ಕಡಿಮೆ ಇದ್ದರೆ, ಎದುರಾಳಿಯ ಫೌಲು ಏಳಕ್ಕೆ ಮುಟ್ಟಿದ್ದರೆ, ಮೆಕ್‌ನೀಲಿ ಮತ್ತೆ ಅದೇ ಹದಿನೈದು ಅಡಿಯ ಗೆರೆಗೆ ಹೋಗಿ ನಿಲ್ಲಬೇಕಿತ್ತು.