ತೂತಿನ ಕಲ್ಲು

ಶನಿವಾರ, 11 ಮೇ 2024, ಶೆಫೀಲ್ಡ್

ನಿನ್ನೆ ರಾತ್ರಿ ಆಕಾಶದಲ್ಲಿ ಧ್ರುವಪ್ರಭೆಯ ಗುಲಾಬಿ ಬೆಳಕು ನೋಡುತ್ತಾ ನಿದ್ದೆ ಕೆಟ್ಟಿತ್ತು. ಆದರೂ ಪುಟ್ಟಿಗೆ ಮಾತು ಕೊಟ್ಟಾಗಿತ್ತು. ಹತ್ತಿರದ ಈಮ್ ಎಂಬ ಹಳ್ಳಿಗೆ ಹೋಗಿಬಂದೆವು.

1665ರಲ್ಲಿ ಲಂಡನ್ನಿಂದ ದರ್ಜಿಯೊಬ್ಬನ ಮನೆಗೆ ಬಂದ ಬಟ್ಟೆಯ ಜೊತೆ ಪ್ಲೇಗ್ ಈ ಊರು ಹೊಕ್ಕಿತು ಅಂತ ಹೇಳುತ್ತಾರೆ. ಮುಂದಿನ ಜೂನ್‌ನಲ್ಲಿ ಪಾದ್ರಿ ವಿಲಿಯಂ ಮಾಂಪೆಸನ್ ಮತ್ತು ಹಿಂದಿನ ಪಾದ್ರಿ ಥಾಮಸ್ ಸ್ಟ್ಯಾನ್ಲಿ ಸೇರಿ ಜನರನ್ನು ಒಪ್ಪಿಸಿದರು. ಯಾರೂ ಊರು ಬಿಡಬಾರದು. ಪ್ರಾರ್ಥನೆ ಚರ್ಚ್ ಬಿಟ್ಟು ಬಯಲಲ್ಲಿ. ಸತ್ತವರನ್ನು ಮನೆಯವರೇ ಹೂಳಬೇಕು. ನವೆಂಬರ್ ಹೊತ್ತಿಗೆ ಸುಮಾರು 260 ಜನ ಸತ್ತುಹೋಗಿದ್ದರು. ಮಾಂಪೆಸನ್ ಹೆಂಡತಿ ಕ್ಯಾಥರಿನ್ ಕೂಡ. ಸೇಂಟ್ ಲಾರೆನ್ಸ್ ಚರ್ಚಿನ ಅಂಗಳದಲ್ಲಿ, ಎಂಟನೇ ಶತಮಾನದ ಕಲ್ಲಿನ ಶಿಲುಬೆ ಇರುವ ಕಡೆಯಲ್ಲೇ, ಅವಳ ಸಮಾಧಿ ಇದೆ.

ಅಲ್ಲಿಂದ ಹೊಲದ ದಾರಿ ಹಿಡಿದು ಗಡಿಕಲ್ಲಿಗೆ ಇಳಿದೆವು. ಕಲ್ಲಿನ ಮೇಲೆ ಆರು ತೂತು. ರೋಗ ಅಂಟದಿರಲಿ ಅಂತ ತೂತಿನಲ್ಲಿ ವಿನಿಗರ್ ಹಾಕಿ, ಅದರಲ್ಲಿ ನಾಣ್ಯ ಇಟ್ಟು ಹೋಗುತ್ತಿದ್ದರಂತೆ. ಪಕ್ಕದ ಊರಿನವರು ದುಡ್ಡು ತೆಗೆದುಕೊಂಡು ಊಟದ ಸಾಮಾನು ಇಡುತ್ತಿದ್ದರು. ಪುಟ್ಟಿ ಒಂದೊಂದೇ ತೂತಿಗೆ ಬೆರಳು ಹಾಕಿ ನೋಡಿದಳು. ನನಗೆ ಸುಮ್ನೆ ನಿಂತಿರಲು ಆಗಲಿಲ್ಲ, ದೂರ ಹೋದೆ.

ಕೆಳಗೆ ಸ್ಟೋನಿ ಮಿಡಲ್ಟನ್‌ನಲ್ಲಿ ಎಂಟು ಮೂಲೆಯ ಚರ್ಚ್ ಇದೆ. ಎಷ್ಟು ಚೆಂದ! ಆದರೆ ಮನಸ್ಸು ಅಲ್ಲಿರಲಿಲ್ಲ.

ಸಂಜೆ ಆರಕ್ಕೆ ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಹತ್ತೂವರೆ, ಇನ್ನೂ ಮಲಗಿರಲಿಲ್ಲ. ಎಲ್ಲ ಹೇಳಿದೆ.

"ನಮ್ಮ ಕಡೆ ಉಲ್ಟಾ ಅಲ್ವಾ?" ಅಂದಳು. "ಮನೇಲಿ ಇಲಿ ಬಿದ್ರೆ ಸಾಕು, ಊರೇ ಖಾಲಿ. ಹೊಲದಲ್ಲಿ ಗುಡಿಸಲು ಹಾಕ್ಕೊಂಡು ತಿಂಗಳುಗಟ್ಟಲೆ ಇರ್ತಿದ್ರಂತೆ. ಅಜ್ಜಿ ಹೇಳ್ತಿದ್ರು. ಇವ್ರು ಯಾಕೆ ಬಿಡಲಿಲ್ಲ?"

"ಬಿಟ್ಟಿದ್ರೆ ಪಕ್ಕದ ಊರಿಗೂ ಹೋಗ್ತಿತ್ತಲ್ಲಮ್ಮ."

ಸ್ವಲ್ಪ ಹೊತ್ತು ಮಾತಿಲ್ಲ. ಪ್ಲೇಗಮ್ಮನ ಗುಡಿ ಮುಂದೆ ಬಸ್ಸಲ್ಲಿ ಹೋಗುವಾಗೆಲ್ಲ ಕೈ ಮುಗಿಯುವವಳು ಅಮ್ಮ. ನಾನು ಈಮ್‌ನ ರೈಲಿ ಸಮಾಧಿಗಳ ಬಗ್ಗೆ ಹೇಳಿದೆ. ಊರಾಚೆ ಹೊಲದ ನಡುವೆ ಗುಂಡಗೆ ಕಟ್ಟಿದ ಕಲ್ಲಿನ ಗೋಡೆ. 1666ರ ಆಗಸ್ಟ್‌ನಲ್ಲಿ ಎಲಿಜಬೆತ್ ಹ್ಯಾನ್‌ಕಾಕ್ ಎಂಟು ದಿನದಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ತಾನೇ ಎಳೆದು ತಂದು ಹೂತಳು. ಉಳಿದವನು ಒಬ್ಬನೇ ಮಗ. ಶೆಫೀಲ್ಡಲ್ಲಿ ಕೆಲಸ ಕಲಿಯುತ್ತಿದ್ದ. ಆಮೇಲೆ ಅವನ ಹತ್ತಿರವೇ ಹೋದಳಂತೆ.

"ಶೆಫೀಲ್ಡಾ? ನೀನಿರೋ ಊರು?"

"ಹೂಂ."

"ಎಷ್ಟು ದೂರ?"

ಹನ್ನೆರಡು ಮೈಲಿ ಇರಬಹುದು ಅಂದೆ.

"ಅಷ್ಟೇನಾ," ಅಂದಳು ಅಮ್ಮ. ಆಮೇಲೆ ಪುಟ್ಟಿ ಊಟ ಮಾಡಿದಳಾ ಅಂತ ಕೇಳಿದಳು. ನಾನು ಡಿಸೆಂಬರ್ ಟಿಕೆಟ್ ವಿಷಯ ಎತ್ತಬೇಕು ಅಂದುಕೊಂಡೆ, ಅಷ್ಟರಲ್ಲಿ