ಇಷ್ಟೊಂದು ಹಳೇ ಕಾಲದವರ ಥರ ಯಾಕಿದ್ದೀರಿ?

ನನ್ನ ಚೀಲದಲ್ಲಿ ಅಂಗೈಯಗಲದ ಒಂದು ನೋಟುಬುಕ್ಕಿದೆ. ಅದರ ಕೊನೆಯ ಪುಟಗಳಲ್ಲಿ ಯಾರಿಂದ ಏನು ಇಸಕೊಂಡೆ, ಯಾವತ್ತು ಇಸಕೊಂಡೆ ಅಂತ ಬರೆದಿಟ್ಟುಕೊಳ್ಳುತ್ತೇನೆ. ಕೊಡೆ, ಚಾರ್ಜರ್, ಎರಡು ಪುಸ್ತಕ, ಒಂದು ಸಲ ಏಣಿ. ವಾಪಸು ಕೊಟ್ಟ ಮೇಲೆ ಅದರ ಮೇಲೊಂದು ಗೆರೆ. ಆಫೀಸಿನಲ್ಲಿ ಪಕ್ಕದ ಮೇಜಿನವರು, ನನಗಿಂತ ಇಪ್ಪತ್ತು ವರ್ಷಕ್ಕೆ ಚಿಕ್ಕವರು, ಒಂದು ದಿನ ನಾನು ಗೆರೆ ಎಳೆಯುತ್ತಿದ್ದಾಗ ಇಣುಕಿ ನೋಡಿದರು.

"ಮೇಡಂ, ಒಂದು ಚಾರ್ಜರ್‌ಗೆ ಲೆಡ್ಜರಾ?"

ಇಬ್ಬರೂ ನಕ್ಕೆವು. ಆಮೇಲೆ ಅವರು ಸ್ವಲ್ಪ ದನಿ ತಗ್ಗಿಸಿ, "ಬೇಜಾರು ಮಾಡ್ಕೋಬೇಡಿ, ಕೇಳ್ತೀನಿ. ಇಷ್ಟೊಂದು ಹಳೇ ಕಾಲದವರ ಥರ ಯಾಕಿದ್ದೀರಿ?" ಅಂದರು.

ಈ ಪ್ರಶ್ನೆ ನನಗೆ ಹೊಸದಲ್ಲ. ನೆಂಟರು ತಮಾಷೆಗೆ ಕೇಳುತ್ತಾರೆ, ಸ್ನೇಹಿತರು ಕನಿಕರದಿಂದ, ತಡವಾಗಿ ಬಂದು ನನ್ನನ್ನು ಕಾಯಿಸಿದವರು ಸಿಟ್ಟಿನಿಂದ. ಇಷ್ಟು ದಿನ ನಕ್ಕು ಸುಮ್ಮನಾಗುತ್ತಿದ್ದೆ. ಅಷ್ಟು ಮೆತ್ತಗೆ ಕೇಳಿದವರಿಗಾದರೂ ಸರಿಯಾದ ಉತ್ತರ ಕೊಡಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ನನ್ನ ಮೇಲಿರುವ ಆರೋಪಗಳನ್ನು ಒಪ್ಪಿಕೊಂಡುಬಿಡುತ್ತೇನೆ. ಹೇಳಿದ ಹೊತ್ತಿಗೆ ಹೋಗುತ್ತೇನೆ. ಫೋನ್ ಮಾಡಿದರೆ "ಈಗ ಮಾತಾಡಬಹುದಾ?" ಅಂತ ಕೇಳಿಯೇ ಶುರುಮಾಡುತ್ತೇನೆ. ಎದುರಿಗೆ ಯಾರಾದರೂ ಕೂತು ಮಾತಾಡುತ್ತಿದ್ದರೆ ನನ್ನ ಫೋನು ಚೀಲದೊಳಗಿರುತ್ತದೆ, ಮೇಜಿನ ಮೇಲೆ ಕವುಚಿ ಹಾಕಿಯೂ ಅಲ್ಲ. ಸಾವಿನ ಸುದ್ದಿ ಬಂದರೆ ಕೈಯಲ್ಲೇ ಕಾಗದ ಬರೆಯುತ್ತೇನೆ. ಪರಿಚಯವಿಲ್ಲದ ಯಾರಿಗೇ ಆದರೂ 'ನೀವು' ಅನ್ನುತ್ತೇನೆ. ಆಗುವುದಿಲ್ಲ ಅನ್ನುವುದಿದ್ದರೆ ಆಗುವುದಿಲ್ಲ ಅಂತ ಬಾಯಿಬಿಟ್ಟು ಹೇಳುತ್ತೇನೆ. ಈ ಕೊನೆಯದರಲ್ಲಿ ಸ್ವಲ್ಪ ಸುಳ್ಳಿದೆ, ಆಮೇಲೆ ಹೇಳುತ್ತೇನೆ.

ಇದನ್ನೆಲ್ಲ ನೋಡಿದವರು ನನಗೆ ಹಳೆಯ ಕಾಲದ ಮೇಲೆ ಮೋಹ ಅಂದುಕೊಳ್ಳುತ್ತಾರೆ. ಇಲ್ಲವೇ ಇಲ್ಲ. ಹಳೆಯ ಕಾಲದ ಮರ್ಯಾದೆಗಳಲ್ಲಿ ಅರ್ಧಕ್ಕರ್ಧ ಇನ್ನೊಬ್ಬರನ್ನು ಅವರವರ ಜಾಗದಲ್ಲೇ ಕೂರಿಸಿಡುವ ಉಪಾಯಗಳು. ದೊಡ್ಡವರು ಮಾತಾಡುವಾಗ ಚಿಕ್ಕವರು ಬಾಯಿ ತೆರೆಯಬಾರದು. ಗಂಡಸರ ಮುಂದೆ ಹೆಂಗಸರು ಕೂರಬಾರದು. ಧಣಿ ಎದುರಾದರೆ ಆಳು ಪಕ್ಕಕ್ಕೆ ಸರಿಯಬೇಕು. ಅವನ್ನೆಲ್ಲ ಒಂಚೂರೂ ಬೇಸರವಿಲ್ಲದೆ ಬಿಟ್ಟಿದ್ದೇನೆ. ಉಳಿಸಿಕೊಂಡದ್ದನ್ನು ಒಂದು ಜರಡಿ ಹಿಡಿದು ಉಳಿಸಿಕೊಂಡಿದ್ದೇನೆ. ಇದರಿಂದ ಯಾರ ತಲೆಯ ಭಾರ ಇಳಿಯುತ್ತದೆ? ಎದುರಿನವರದ್ದಾದರೆ ಇರಲಿ. ನನ್ನ ಎತ್ತರ ಕಾಯುವುದಕ್ಕಷ್ಟೇ ಆದರೆ ಬೇಡ.

ಹೊತ್ತಿಗೆ ಸರಿಯಾಗಿ ಹೋಗುವುದನ್ನೇ ನೋಡಿ. ಗಡಿಯಾರಕ್ಕೆ ನಾನೇನೂ ಹರಕೆ ಹೊತ್ತಿಲ್ಲ. ಆದರೆ ಕಾಯುತ್ತಿರುವವರನ್ನು ಯಾವತ್ತಾದರೂ ಗಮನಿಸಿದ್ದೀರಾ? ಇಪ್ಪತ್ತು ನಿಮಿಷ ಅವರು ಏನನ್ನೂ ಶುರುಮಾಡಲಾರರು, ಎದ್ದು ಹೋಗಲೂ ಆರರು. ಬಾಗಿಲ ಕಡೆ ನೋಡುತ್ತಾರೆ, ಫೋನ್ ನೋಡುತ್ತಾರೆ, ತಾವೇ ದಿನ ತಪ್ಪಿ ಬಂದೆವೇನೋ ಅಂತ ಹಳೆಯ ಮೆಸೇಜನ್ನು ಮತ್ತೆ ತೆಗೆದು ಓದುತ್ತಾರೆ. ತಡಮಾಡಿದ್ದು ನಾನು, ತಮ್ಮ ಮೇಲೇ ಅನುಮಾನ ಬಂದದ್ದು ಅವರಿಗೆ. ಹೊತ್ತಿಗೆ ಹೋಗುವುದೆಂದರೆ ಆ ಅನುಮಾನ ಹುಟ್ಟದಂತೆ ನೋಡಿಕೊಳ್ಳುವುದು, ಅಷ್ಟೇ.

'ನೀವು' ವಿಷಯಕ್ಕೆ ನನ್ನೊಡನೆ ಜಗಳಕ್ಕೆ ಬಂದವರಿದ್ದಾರೆ. "ಬಹುವಚನ ಅಂದ್ರೆ ದೂರ ಇಟ್ಟ ಹಾಗೆ" ಅನ್ನುತ್ತಾರೆ. ಅವರ ಮಾತಿಗೆ ಒಳ್ಳೆಯ ಸಾಕ್ಷಿಯೂ ಇದೆ. ಸ್ವೀಡನ್ನಿನಲ್ಲಿ ಅಧಿಕಾರಿಗಳನ್ನೂ ಪರಿಚಯವಿಲ್ಲದವರನ್ನೂ ಹುದ್ದೆ, ಬಿರುದು ಹಿಡಿದು ಕರೆಯುವ ಪದ್ಧತಿಯಿತ್ತು. ಹುದ್ದೆ ಗೊತ್ತಿಲ್ಲದಿದ್ದರೆ ವಾಕ್ಯ ಕಟ್ಟುವುದೇ ಕಷ್ಟ. 1967ರಲ್ಲಿ ಅಲ್ಲಿನ ಆರೋಗ್ಯ ಮಂಡಳಿಯ ಮುಖ್ಯಸ್ಥರಾಗಿ ಬಂದ ಬ್ರೂರ್ ರೆಕ್ಸೆಡ್, ಇನ್ನು ಮೇಲೆ ಸಿಬ್ಬಂದಿಯನ್ನೆಲ್ಲ 'ದೂ', ಅಂದರೆ 'ನೀನು', ಎಂದೇ ಕರೆಯುತ್ತೇನೆ ಎಂದು ಹೇಳಿದರು. ಆ ಹೊತ್ತಿಗಾಗಲೇ ಬದಲಾಗುತ್ತಿದ್ದ ರೂಢಿಗೆ ಅವರ ಹೆಸರು ಅಂಟಿಕೊಂಡಿತು. ಈಗ ಅಲ್ಲಿ ಹೆಚ್ಚುಕಡಿಮೆ ಎಲ್ಲರೂ ಎಲ್ಲರಿಗೂ 'ನೀನು'. ನನಗೆ ಅದರ ಮೇಲೆ ಯಾವ ತಕರಾರೂ ಇಲ್ಲ. ಎಲ್ಲರೂ ಒಂದೇ ಮೆಟ್ಟಿಲಿಗೆ ಬಂದರಲ್ಲ, ಅದು ಮುಖ್ಯ. ನಮ್ಮ ಮಾತಿನಲ್ಲಿ 'ನೀನು' ಇನ್ನೂ ಹಾಗೆ ಸಮನಾಗಿ ಹಂಚಿಹೋಗಿಲ್ಲ. ಮೇಲಿನವರು ಕೆಳಗಿನವರಿಗೆ ಸಲೀಸಾಗಿ ಅನ್ನುತ್ತಾರೆ, ಕೆಳಗಿನವರು ತಿರುಗಿಸಿ ಅನ್ನುವಂತಿಲ್ಲ. ಆದ್ದರಿಂದ ನಾನು ಸ್ವೀಡನ್ನಿನವರು ಇಳಿದ ಮೆಟ್ಟಿಲನ್ನು ಈಚೆಯಿಂದ ಹತ್ತುತ್ತೇನೆ: ಎಲ್ಲರಿಗೂ 'ನೀವು'. ಬಾಗಿಲಿಗೆ ಪಾರ್ಸೆಲ್ ತರುವ ಹತ್ತೊಂಬತ್ತರ ಹುಡುಗರಿಗೂ. ಪಕ್ಕದ ಮೇಜಿನವರನ್ನು ಈ ಬರಹದಲ್ಲಿ 'ಅವರು' ಅಂತಲೇ ಬರೆದಿರುವುದನ್ನು ಗಮನಿಸಿರುತ್ತೀರಿ.

ಇನ್ನು ಫೋನು. ಹೊಸ ಯಂತ್ರ ಬಂದಾಗಲೆಲ್ಲ ಅದಕ್ಕೆ ತಕ್ಕ ನಡವಳಿಕೆ ಹುಟ್ಟುವುದಕ್ಕೆ ಒಂದಷ್ಟು ಕಾಲ ಹಿಡಿಯುತ್ತದೆ. ಗ್ರಹಾಂ ಬೆಲ್ ದೂರವಾಣಿಗೆ ಪೇಟೆಂಟ್ ಪಡೆದದ್ದು 1876ರಲ್ಲಿ. ಎತ್ತಿಕೊಂಡವರು ಮೊದಲು ಏನನ್ನಬೇಕು ಅನ್ನುವುದೇ ಆಗ ತೀರ್ಮಾನವಾಗಿರಲಿಲ್ಲ. ಬೆಲ್‌ಗೆ ಹಡಗಿನವರ 'ಅಹಾಯ್' ಇಷ್ಟ. 'ಹಲೋ' ಆಗಬಹುದು ಅಂತ 1877ರಲ್ಲಿ ಸೂಚಿಸಿದ್ದು ಎಡಿಸನ್. ನಾವು ಇಂದು ಯೋಚಿಸದೆ ಅನ್ನುವ ಮೊದಲ ಪದವೇ ಒಂದು ಕಾಲಕ್ಕೆ ಚರ್ಚೆಯ ವಿಷಯ. ಮೊದಲ ಎಸ್‌ಎಂಎಸ್ ಹೋದದ್ದು 1992ರ ಡಿಸೆಂಬರ್ 3ರಂದು. ವಾಟ್ಸಾಪ್‌ನಲ್ಲಿ ಓದಿದ್ದಕ್ಕೆ ನೀಲಿ ಗೆರೆ ಬಂದದ್ದು 2014ರ ನವೆಂಬರ್‌ನಲ್ಲಿ. ನಲವತ್ತು ವರ್ಷವೂ ತುಂಬದ ಸಾಧನಕ್ಕೆ ರೀತಿ ರಿವಾಜು ಎಲ್ಲಿಂದ ಬರಬೇಕು?

ಆ ನೀಲಿ ಗೆರೆ ಒಂದು ಹೊಸ ಬಗೆಯ ನೋವನ್ನು ಹುಟ್ಟಿಸಿತು ಅಂತ ನನ್ನ ಅನಿಸಿಕೆ. ಅಂಚೆಯ ಕಾಲದಲ್ಲಿ ಉತ್ತರ ಬಾರದಿದ್ದರೆ ಬೈಯುವುದಕ್ಕೆ ಅಂಚೆ ಇತ್ತು. ಕಾಗದ ತಲುಪಿತೋ ಇಲ್ಲವೋ, ವಿಳಾಸ ತಪ್ಪಿತೋ, ಮಳೆಗೆ ನೆನೆಯಿತೋ. ಬರೆದವರ ಮಾನ ಆ ಅನುಮಾನದ ನೆರಳಲ್ಲಿ ತಂಪಾಗಿರುತ್ತಿತ್ತು. ಈಗ ಆ ನೆರಳಿಲ್ಲ. ತಲುಪಿದೆ, ಮಧ್ಯಾಹ್ನ 2.14ಕ್ಕೆ ಓದಿದ್ದಾರೆ, ಸುಮ್ಮನಿದ್ದಾರೆ. ಕಾಗದಕ್ಕೆ ಉತ್ತರ ಬರೆಯಬೇಕು ಅನ್ನುವ ಹಳೆಯ ನಿಯಮ ಅಂಚೆಯ ಕಾಲಕ್ಕಿಂತ ಈಗಲೇ ಹೆಚ್ಚು ಬೇಕಾಗಿದೆ. "ನೋಡಿದೆ, ಶುಕ್ರವಾರ ಬರೆಯುತ್ತೇನೆ" ಅಂದರೂ ಸಾಕು. ಹೊತ್ತಲ್ಲದ ಹೊತ್ತಿನಲ್ಲಿ ಇನ್ನೊಬ್ಬರ ಮನೆ ಬಾಗಿಲು ಬಡಿಯಬಾರದು ಅನ್ನುವುದೂ ಹಳೆಯ ನಿಯಮವೇ. ಅದನ್ನು ನಾವು ಎಷ್ಟು ಮರೆತೆವೆಂದರೆ, ಕೆಲಸದ ಹೊತ್ತು ಮುಗಿದ ಮೇಲೆ ಫೋನ್, ಇಮೇಲ್‌ಗಳಿಂದ ಬಿಡುಗಡೆ ಪಡೆಯುವ ಹಕ್ಕನ್ನು ಫ್ರಾನ್ಸ್ 2017ರಿಂದ ಕಾನೂನಿನಲ್ಲೇ ಬರೆಯಬೇಕಾಯಿತು.

"ಇದಕ್ಕೆಲ್ಲ ಟೈಮ್ ಎಲ್ಲಿಂದ ತರ್ತೀರಿ?" ಅಂತಲೂ ಕೇಳುತ್ತಾರೆ. ಸಂತಾಪದ ಕಾಗದಕ್ಕೆ ನನಗೆ ಸುಮಾರು ಇಪ್ಪತ್ತು ನಿಮಿಷ ಬೇಕು. ಬರೆಯುವುದಕ್ಕೆ ಐದು ನಿಮಿಷ. ಉಳಿದ ಹದಿನೈದು, ಹೋದವರ ಬಗ್ಗೆ ನನಗೆ ನಿಜವಾಗಿ ಗೊತ್ತಿರುವ ಒಂದೇ ಒಂದು ಸಂಗತಿ ಯಾವುದು ಅಂತ ಹುಡುಕುವುದಕ್ಕೆ. 'ಆತ್ಮಕ್ಕೆ ಶಾಂತಿ ಸಿಗಲಿ' ಅಂತ ಬರೆಯುವುದಾದರೆ ಕಾಗದ ದಂಡ. ಒಬ್ಬ ಸಹೋದ್ಯೋಗಿಯ ತಂದೆ ತೀರಿಕೊಂಡಾಗ ಪೆನ್ನು ಹಿಡಿದು ಕೂತೆ. ಅವರನ್ನು ನಾನು ನೋಡಿದ್ದೇ ಒಂದು ಸಲ, ಅದೂ ಲಿಫ್ಟಿನಲ್ಲಿ. ನಾನು ಕಾರಿಡಾರಿನ ಆ ತುದಿಯಲ್ಲಿದ್ದಾಗ ನನ್ನನ್ನು ನೋಡಿ ಬಾಗಿಲಿಗೆ ಕೈ ಅಡ್ಡ ಹಿಡಿದು ನಿಂತಿದ್ದರು. ಒಳಗಿದ್ದವರೆಲ್ಲ ಗೊಣಗುತ್ತಿದ್ದರು. ನಾನು ಓಡುವುದಕ್ಕೆ ಶುರುಮಾಡಿದರೆ, "ನಿಧಾನ, ನಿಧಾನ, ಇದು ರೈಲಲ್ಲ" ಅಂದಿದ್ದರು. ಅಷ್ಟನ್ನೇ ಬರೆದೆ. ಎರಡು ವಾರದ ಮೇಲೆ ಸಹೋದ್ಯೋಗಿ ಸಿಕ್ಕಿ, "ಲಿಫ್ಟ್ ನಿಲ್ಲಿಸಿ ಅಪ್ಪ ಎಷ್ಟು ಜನರ ಹತ್ತಿರ ಬೈಸ್ಕೊಂಡಿದ್ರೋ" ಅಂತ ನಗುತ್ತಾ ಹೇಳಿದರು. ತಂದೆ ಹೋದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ.

ಇಂಥವೆಲ್ಲ ನಾಟಕ, ಒಳಗೊಂದು ಹೊರಗೊಂದು ಅನ್ನುವವರಿಗೆ ನನ್ನ ಉತ್ತರ ಚಿಕ್ಕದು. ಹೌದು, ಒಂದಿಷ್ಟು ನಾಟಕ ಇದೆ. ಕಂಡರಾಗದವರ ಜೊತೆಗೂ ಎಂಟು ಗಂಟೆ ಕೂತು ಕೆಲಸ ಮಾಡಬೇಕಲ್ಲ. ಎಲ್ಲರ ಮೇಲೂ ಪ್ರೀತಿ ತರಿಸಿಕೊಳ್ಳುವುದು ನನ್ನ ಕೈಯಲ್ಲಿಲ್ಲ. ನಮಸ್ಕಾರ ಅನ್ನುವುದು ಕೈಯಲ್ಲಿದೆ.

ಸದರ ತಗೊಳ್ಳುವವರು ಇದ್ದೇ ಇರುತ್ತಾರೆ. ಹದಿನೈದು ನಿಮಿಷ ಕಾಯುತ್ತೇನೆ, "ಹೊರಟೆ, ಇನ್ನೊಂದು ದಿನ ಸಿಗೋಣ" ಅಂತ ಮೆಸೇಜ್ ಹಾಕಿ ಎದ್ದು ಬರುತ್ತೇನೆ. ಮೆತ್ತಗಿರುವುದಕ್ಕೂ ಮರ್ಯಾದೆಯಿಂದ ಇರುವುದಕ್ಕೂ ವ್ಯತ್ಯಾಸವಿದೆ ಅಂತ ಅವರಿಗೂ ಎರಡನೆಯ ಸಲಕ್ಕೆ ಗೊತ್ತಾಗುತ್ತದೆ.

ನಿಜವಾದ ಅಪಾಯ ಇರುವುದು ಬೇರೆ ಕಡೆ, ನನ್ನಂಥವರೊಳಗೇ. ಒಂದು ಸಭೆಯಲ್ಲಿ ನಾನು ಮಾತಾಡುತ್ತಿದ್ದೆ. ಹೊಸದಾಗಿ ಸೇರಿದ ಒಬ್ಬ ಯುವಕರು ಮೊದಲಿನಿಂದಲೂ ತಲೆ ತಗ್ಗಿಸಿ ಫೋನಿನಲ್ಲಿ ಕುಟ್ಟುತ್ತಲೇ ಇದ್ದರು. ತಡೆದುಕೊಂಡೆ, ತಡೆದುಕೊಂಡೆ, ಕೊನೆಗೆ ಹನ್ನೆರಡು ಜನರ ಎದುರು, "ಫೋನ್ ಒಳಗಿಡ್ತೀರಾ? ಇಲ್ಲಿ ಸಭೆ ನಡೀತಾ ಇದೆ" ಅಂದೆ. ಅವರು ಕೆಂಪಗಾಗಿ ಜೇಬಿಗಿಟ್ಟುಕೊಂಡರು. ಸಂಜೆ ಅವರಿಂದ ಇಮೇಲ್ ಬಂತು. ಸಭೆಯ ಟಿಪ್ಪಣಿ. ನಾನು ಹೇಳಿದ ಒಂದೊಂದು ಅಂಶವೂ ಅದರಲ್ಲಿತ್ತು, ನಾನು ಗದರಿದಲ್ಲಿಯವರೆಗೆ. ಅವರು ಫೋನಿನಲ್ಲಿ ಮಾಡುತ್ತಿದ್ದದ್ದು, ನಾನು ನೋಟುಬುಕ್ಕಿನಲ್ಲಿ ಮಾಡುತ್ತಿದ್ದ ಕೆಲಸವನ್ನೇ.

ಡಚ್ ವಿದ್ವಾಂಸ ಎರಾಸ್ಮಸ್ 1530ರಲ್ಲಿ ಹುಡುಗರ ನಡವಳಿಕೆಯ ಬಗ್ಗೆ ಲ್ಯಾಟಿನ್ನಿನಲ್ಲಿ ಒಂದು ಪುಟ್ಟ ಪುಸ್ತಕ ಬರೆದ. ಮೂಗನ್ನು ತೋಳಿಗೆ ಒರೆಸಬೇಡ, ತಟ್ಟೆಗೆ ಮೊದಲು ಕೈ ಹಾಕಬೇಡ ಅನ್ನುವಂಥ ಮಾತುಗಳೇ ಅದರ ತುಂಬ. ಓದುವಾಗ ನಗು ಬರುತ್ತದೆ. ಆದರೆ ಕೊನೆಯಲ್ಲಿ ಅವನು ಹೇಳುವ ಮಾತಿಗೆ ನಗು ಬರಲಿಲ್ಲ: ತಾನು ಎಲ್ಲೂ ತಪ್ಪದಿರುವುದು, ಇನ್ನೊಬ್ಬರು ತಪ್ಪಿದರೆ ಸಲೀಸಾಗಿ ಕ್ಷಮಿಸುವುದು, ಸಭ್ಯತೆಯಲ್ಲಿ ದೊಡ್ಡ ಪಾಲು ಇದೇ ಅನ್ನುತ್ತಾನೆ. ನಾನು ಆ ದಿನ ಎರಡರಲ್ಲೂ ಸೋತಿದ್ದೆ. ಆ ಯುವಕರದು ತಪ್ಪೇ ಆಗಿದ್ದರೂ ಹನ್ನೆರಡು ಜನರ ಮುಂದೆ ಹೇಳಬೇಕಾಗಿರಲಿಲ್ಲ. ನನ್ನ ಜರಡಿಯಲ್ಲಿ ಹಾಕಿ ನೋಡಿದರೆ, ಆ ಗದರಿಕೆಯಿಂದ ಯಾರ ಭಾರವೂ ಇಳಿದಿರಲಿಲ್ಲ, ನನ್ನ ಎತ್ತರ ಮಾತ್ರ ಎರಡಂಗುಲ ಏರಿತ್ತು.

ಮುಂದಿನ ಸಭೆಯಲ್ಲಿ, ಅದೇ ಹನ್ನೆರಡು ಜನರ ಎದುರು ಕ್ಷಮೆ ಕೇಳಿದೆ. ಏಕಾಂತದಲ್ಲಿ ಕೇಳುವುದು ಸುಲಭವಿತ್ತು. ಎಲ್ಲರೆದುರು ಮಾಡಿದ ಅವಮಾನಕ್ಕೆ ಬಾಗಿಲ ಹಿಂದಿನ ಕ್ಷಮೆ ಸಾಲದು. ಇನ್ನೂ ಕಷ್ಟವಾದದ್ದು 'ಆದರೆ' ಅನ್ನುವ ಪದವನ್ನು ನುಂಗಿಕೊಳ್ಳುವುದು. "ತಪ್ಪಾಯಿತು, ಆದರೆ ಸಾಮಾನ್ಯವಾಗಿ ಫೋನ್ ಹಿಡಿದವರು..." ಅಂತ ನಾಲಿಗೆ ತುದಿಗೆ ಬಂದೇ ಬಂತು. ನುಂಗಿದೆ.

ಈಗ ಆ ಸುಳ್ಳಿನ ವಿಷಯ. ನಮ್ಮಲ್ಲಿ ಯಾರಿಗೂ 'ಇಲ್ಲ' ಅನ್ನುವುದಕ್ಕೆ ಬಾಯಿ ಬರುವುದಿಲ್ಲ. ಅದಕ್ಕೆ ಕನ್ನಡದಲ್ಲಿ 'ನೋಡೋಣ' ಅಂತ ಒಂದು ಅಮೃತದಂಥ ಪದವಿದೆ. 'ಮಾಡೋಣ ಬಿಡಿ' ಅದರ ತಮ್ಮ, 'ಹೇಳ್ತೀನಿ' ಅದರ ತಂಗಿ. ಹೇಳಿದವರಿಗೆ ಹಾಯಾಗಿರುತ್ತದೆ. ಕೇಳಿದವರು ಮಾತ್ರ 'ನೋಡೋಣ' ಅಂದರೆ ಆಯಿತು ಅಂತಲೋ ಇಲ್ಲ ಅಂತಲೋ ತಿಳಿಯದೆ, ಇನ್ನೊಬ್ಬರನ್ನು ಕೇಳಲೂ ಆಗದೆ, ಆ ತೂಗುಯ್ಯಾಲೆಯಲ್ಲಿ ವಾರಗಟ್ಟಲೆ ಕೂತಿರುತ್ತಾರೆ. ಹೊತ್ತಿಗೆ ಸರಿಯಾಗಿ ಹೋಗುವುದಕ್ಕಿಂತ, ಕಾಗದ ಬರೆಯುವುದಕ್ಕಿಂತ, ಬೇಗ 'ಇಲ್ಲ' ಅನ್ನುವುದೇ ದೊಡ್ಡ ಮರ್ಯಾದೆ ಅಂತ ನಾನು ನಂಬಿದ್ದೇನೆ. ನಂಬಿದ್ದನ್ನೆಲ್ಲ ಮಾಡುತ್ತೇನೆ ಅಂತಲ್ಲ.

ಪರಿಚಯದವರೊಬ್ಬರು ತಾವು ಬರೆದ ಇನ್ನೂರು ಪುಟದ ಹಸ್ತಪ್ರತಿಯನ್ನು ತಿದ್ದಿಕೊಡುತ್ತೀರಾ ಅಂತ ಕೇಳಿದ್ದಾರೆ. ನನಗೆ ಆಗುವುದಿಲ್ಲ. ಆಗುವುದಿಲ್ಲ ಅಂತ ಕೇಳಿದ ದಿನವೇ ಗೊತ್ತಿತ್ತು. ಆದರೂ 'ನೋಡೋಣ' ಅಂತ ಬರೆದು ಕಳಿಸಿ ಇವತ್ತಿಗೆ ಹನ್ನೊಂದು ದಿನ. ಹಿಂದಿನ ಪ್ಯಾರಾ ಬರೆದು ಮುಗಿಸಿದ ಮೇಲೆ ಮುಂದಕ್ಕೆ ಕೈ ಓಡಲಿಲ್ಲ. ಎದ್ದು ಫೋನ್ ತೆಗೆದು, "ತಡಮಾಡಿದ್ದಕ್ಕೆ ಕ್ಷಮಿಸಿ. ನನ್ನಿಂದ ಆಗುವುದಿಲ್ಲ. ಇನ್ನೊಬ್ಬರನ್ನು ಈಗಲೇ ಕೇಳಿ" ಅಂತ ಮೂರು ವಾಕ್ಯ ಕಳಿಸಿ ಬಂದು ಕೂತಿದ್ದೇನೆ. ನೀಲಿ ಗೆರೆ ಬಿದ್ದಿದೆ. ಉತ್ತರ ಬಂದಿಲ್ಲ.